ಹಿಮ್ಮಡಿ ಕಟ್ಟದ ಹಲಗೆ

ಜಯನಗರದ ಅನಂತರಾಮು ಅವತ್ತು ಕಾಫಿ ಕುಡಿದು ಸುಮ್ಮನಿದ್ದಿದ್ದರೆ ಯಾವ ತಾಪತ್ರಯವೂ ಇರುತ್ತಿರಲಿಲ್ಲ. ಆದರೆ ಹೆಂಡತಿ ಕಾತ್ಯಾಯಿನಿ ತನ್ನ ತಮ್ಮ ಕ್ಯಾಪ್ಟನ್ ಜಯಸಿಂಹನನ್ನು ತೋರಿಸಿ, "ಹಿಮದ ಮೇಲೆ ಜಾರೋದು ಅಂದ್ರೆ ಹುಡುಗಾಟ ಅಲ್ಲ. ನಿಮ್ಮ ಕೈಲಾಗತ್ತಾ?" ಎಂದುಬಿಟ್ಟಳು. ಜಯಸಿಂಹ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಕಾಶ್ಮೀರದಿಂದ ರಜೆಗೆ ಬಂದಿದ್ದ.

ಹನ್ನೊಂದು ವರ್ಷದಿಂದ ಅವಳ ತವರಿನ ಗುಣಗಾನ ಕೇಳುತ್ತಿದ್ದ ಅನಂತರಾಮುವಿಗೆ ರೇಗಿತು. ಒಂದು ಸಲವಾದರೂ ಅವಳು ತನ್ನನ್ನು ಹೆಮ್ಮೆಯಿಂದ ನೋಡಬಾರದೇ? "ಒಂದು ತಿಂಗಳು ಕೊಡು, ರಾಗಿಗುಡ್ಡದ ಇಳಿಜಾರಲ್ಲಿ ಜಾರಿ ತೋರಿಸ್ತೀನಿ" ಎಂದ. ಪಕ್ಕದ ಮನೆಯ ರಿಟೈರ್ಡ್ ಓವರ್‌ಸಿಯರ್ ಗಂಗಾಧರಯ್ಯ ಅಲ್ಲೇ ಕೂತಿದ್ದರು. ಸಂಜೆಯೊಳಗೆ ಇಡೀ ಬ್ಲಾಕಿಗೆ ಸುದ್ದಿ ಮುಟ್ಟಿತು.

ಜಯಸಿಂಹ ತಂದಿದ್ದ ಹಳೆಯ ಸ್ಕೀ ಜೋಡಿ ಆಳುದ್ದದ ಎರಡು ಹಲಗೆ. ಪಟ್ಟಿ ಇದ್ದದ್ದು ಬೂಟಿನ ಮುಂಭಾಗಕ್ಕೆ ಮಾತ್ರ.

"ಹಿಮ್ಮಡಿ ಬಿಗಿದಿರೋ ಹಲಗೆಗೆ ಬೇರೆ ವಿದ್ಯೆ ಭಾವ, ನೆಟ್ಟಗೆ ನಿಂತು ಮೈ ವಾಲಿಸಬೇಕು. ಇದು ಗುಡ್ಡ ಹತ್ತೋದಕ್ಕೂ ಆಗೋ ಜೋಡಿ, ಹಿಮ್ಮಡಿ ಮೇಲೇಳತ್ತೆ. ತಿರುಗುವಾಗ ಒಂದು ಕಾಲು ಮುಂದೆ ಬಿಟ್ಟು, ಇನ್ನೊಂದರ ಮಂಡಿ ಹಲಗೆಗೆ ತಾಗೋ ಹಾಗೆ ಬಗ್ಗಬೇಕು" ಎಂದು ಜಯಸಿಂಹ ಹೇಳಿಕೊಟ್ಟ. ಅನಂತರಾಮು ಆಫೀಸಿನಿಂದ ಬಂದವನೇ ಕೋಣೆಯ ಬಾಗಿಲು ಹಾಕಿಕೊಂಡು ತಿಂಗಳು ಪೂರ್ತಿ ಮಂಡಿ ಬಗ್ಗಿಸಿದ.

ತಿಂಗಳು ತುಂಬಿದ ಭಾನುವಾರ ಕತ್ರಿಗುಪ್ಪೆಯ ರೈತ ತಿಮ್ಮರಾಯಪ್ಪ ಹಿಮದ ಬದಲಿಗೆ ಎರಡು ಗಾಡಿ ರಾಗಿಹುಲ್ಲು ತಂದು ರಾಗಿಗುಡ್ಡದ ಇಳಿಜಾರಿನ ಮೇಲೆ ಹರಡಿಸಿದ್ದ. ಹಲಗೆಯ ತಳಕ್ಕೆ ಗಾಡಿಯ ಕೀಲೆಣ್ಣೆಯನ್ನೂ ಬಳಿದ. ಕೆಳಗೆ ಕುರ್ಚಿ, ಕುರ್ಚಿಯ ಮೇಲೆ ಜಯಸಿಂಹ, ಸುತ್ತ ಜನ.

ಅನಂತರಾಮು ಮೇಲೆ ಹತ್ತಿ ಬೂಟು ತೂರಿಸಿದರೆ, ಹಿಂದೆ ಹೊಸ ಚರ್ಮದ ಪಟ್ಟಿ!

"ಬೆಳಿಗ್ಗೆ ನೀವು ಸ್ನಾನಕ್ಕೆ ಹೋಗಿದ್ದಾಗ ನಾನೇ ಮೊಳೆ ಹೊಡೆದೆ ಕಣ್ರೀ" ಎಂದರು ಜೊತೆಗೇ ಹತ್ತಿ ಬಂದಿದ್ದ ಗಂಗಾಧರಯ್ಯ. "ಹಿಂದೆ ಕಟ್ಟೇ ಇರಲಿಲ್ಲ. ಅರ್ಧ ಕೆಲಸ ಮಾಡಿ ಕಳಿಸಿದಾರೆ." ಎಷ್ಟು ಬೇಡವೆಂದರೂ ಕೇಳದೆ, ಬಗ್ಗಿ ತಾವೇ ಬಿಗಿದರು.

ಅನಂತರಾಮು ಮಂಡಿ ಬಗ್ಗಿಸಲು ನೋಡಿದ. ಹಿಮ್ಮಡಿ ಏಳಲಿಲ್ಲ. ಬುಡ ಕಡಿದ ಬಾಳೆಯ ಹಾಗೆ ಅಡ್ಡಡ್ಡ ಉರುಳಿದ. ಕೆಳಗೆ ನಗು ಎದ್ದಿತು. ಅವನು ಹಲ್ಲು ಕಚ್ಚಿ ಪಕ್ಕದಲ್ಲಿದ್ದ ತಿಮ್ಮರಾಯಪ್ಪನ ಕುಡುಗೋಲು ಕಿತ್ತುಕೊಂಡು ಎರಡೂ ಪಟ್ಟಿ ಕತ್ತರಿಸಿದ. ಗಂಗಾಧರಯ್ಯ, "ಒಳ್ಳೇದಕ್ಕೆ ಕಾಲ ಇಲ್ಲ" ಎಂದು ಮುಖ ಊದಿಸಿಕೊಂಡು ಕೆಳಗಿಳಿದರು.

ಆಮೇಲೆ ಅನಂತರಾಮು ಹೊರಟ. ಹುಲ್ಲು ಸರಸರ ಅಂದಿತು. ಬಲಗಾಲು ಮುಂದೆ, ಎಡಮಂಡಿ ಕೆಳಗೆ; ಹಲಗೆ ತಾನಾಗಿ ತಿರುಗಿತು. ಎಡಗಾಲು ಮುಂದೆ, ಬಲಮಂಡಿ ಕೆಳಗೆ, ಮತ್ತೆ ತಿರುಗಿತು. ನಾಲ್ಕು ತಿರುವು, ಒಂದೂ ತಪ್ಪಲಿಲ್ಲ. ಐದನೆಯದಕ್ಕೆ ಜಯಸಿಂಹನ ಕುರ್ಚಿಯ ಮುಂದೆ ಮಂಡಿ ಬಗ್ಗಿಸಿಕೊಂಡೇ ನಿಂತ. ತನ್ನ ಜನ್ಮದಲ್ಲಿ ಇಷ್ಟು ಚೆನ್ನಾಗಿ ಮಾಡಿದ ಕೆಲಸ ಇನ್ನೊಂದಿಲ್ಲ ಎಂದು ಅವನಿಗೇ ಗೊತ್ತಾಯಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ.

"ಅಯ್ಯೋ ಪಾಪ" ಎಂದು ತಿಮ್ಮರಾಯಪ್ಪ ಓಡಿಬಂದು ತೋಳು ಹಿಡಿದೆತ್ತಿದ. "ಐದು ಸಲ ಮುಗ್ಗರಿಸಿದ್ರಲ್ಲ ಸ್ವಾಮಿ, ಮಂಡಿ ಚಿಪ್ಪು ನೆಟ್ಟಗೈತಾ?"

"ಹಿಂದೆ ಕಟ್ಟಿದ್ದಿದ್ರೆ ಬೀಳ್ತಿದ್ರಾ?" ಎಂದರು ಗಂಗಾಧರಯ್ಯ.

"ಇಳಿಯೋವಾಗ ನಾನು ಬಿದ್ದಿಲ್ಲ ರೀ, ಅದೇ ವಿದ್ಯೆ" ಎಂದ ಅನಂತರಾಮು. ಜನ ಕನಿಕರದಿಂದ ನೋಡಿದರು. ಅವನು ಜಯಸಿಂಹನ ಕಡೆ ತಿರುಗಿ, "ನೀನೇ ಹೇಳಪ್ಪ" ಎಂದ.

ಜಯಸಿಂಹ ಒಂಟಿ ಕಾಲಲ್ಲೇ ಎದ್ದು ನಿಂತು, "ಇಳಿಯೋವಾಗ ಭಾವ ಒಂದು ಸಲಾನೂ ಬಿದ್ದಿಲ್ಲ. ಇದು ಹೀಗೇ ಜಾರೋದು. ನನಗೂ ಇಷ್ಟು ಚೆನ್ನಾಗಿ ಬರಲ್ಲ" ಎಂದು ಗಟ್ಟಿಯಾಗಿ ಹೇಳಿದ.

ತಿಮ್ಮರಾಯಪ್ಪ ನಿಧಾನವಾಗಿ ತಲೆದೂಗಿದ. "ಎಣ್ಣು ಕೊಟ್ಟ ಮನೆಯೋರು ಅಂದ್ರೆ ಇಂಗಿರಬೇಕು. ನಾಕು ಜನದ ಮುಂದೆ ಭಾವನ ಮಾನ ಎಂಗೆ ಉಳಿಸಿದ್ರು ನೋಡಿ." ಆಗ ಬಿತ್ತು ಚಪ್ಪಾಳೆ, ಜಯಸಿಂಹನಿಗೆ.

ಕಾತ್ಯಾಯಿನಿಯ ಕಣ್ಣಲ್ಲಿ ಹೆಮ್ಮೆ ತುಂಬಿ ಬಂತು. ಅನಂತರಾಮು ಹನ್ನೊಂದು ವರ್ಷದಿಂದ ಕಾದಿದ್ದ ನೋಟ ಅದೇ. ಅವಳು ನೋಡುತ್ತಿದ್ದದ್ದು ಮಾತ್ರ ತಮ್ಮನನ್ನು.

ಮನೆಗೆ ಬಂದ ಮೇಲೆ ಅವಳು ಹರಳೆಣ್ಣೆ ಬಿಸಿ ಮಾಡಿ ತಂದು ಗಂಡನ ಮಂಡಿಗೆ ನೀವತೊಡಗಿದಳು. "ಎಂಥಾ ದೊಡ್ಡ ಮನಸ್ಸು ನಮ್ಮ ಜಯಸಿಂಹಂದು. ನಿಮಗೋಸ್ಕರ ಅಷ್ಟು ದೊಡ್ಡ ಸುಳ್ಳು ಹೇಳಿದ. ಇಲ್ಲೇನಾ ನೋವು?"

ಗೀರು ಕೂಡ ಬೀಳದ ಮಂಡಿಯನ್ನು ಅನಂತರಾಮು ನೋಡಿಕೊಂಡ. "ಸ್ವಲ್ಪ ಮೇಲೆ" ಎಂದ.