ಮೊನ್ನೆ ಮೆಲ್ಕಾರಿನಲ್ಲಿತ್ತು ನಮ್ಮ ಮನೆ

ನಮ್ಮ ಮನೆಗೆ ಆರು ಚಕ್ರ ಉಂಟು. ಹೀಗೆ ಹೇಳಿದ ಕೂಡಲೇ ಒಬ್ಬರು ನಗ್ತಾರೆ, ಇನ್ನೊಬ್ಬರು ಅಯ್ಯೋ ಪಾಪ ಅಂತಾರೆ, ಮೂರನೆಯವರು ಬಗ್ಗಿ ಒಳಗೆ ಇಣುಕಿ ನೋಡ್ತಾರೆ. ನೋಡ್ಲಿ! ನಾಚಿಕೆ ಎಂತದಕ್ಕೆ? ನಮ್ಮ ಮನೆ ಒಂದು ಊರು ದಾಟುವಾಗ ಒಂದು ಗಮ್ಮತ್ತು ಆಗದೆ ದಾಟಿದ್ದೇ ಇಲ್ಲ ಮಾರಾಯ್ರೆ. ಎಲ್ಲ ಹೇಳ್ತೇನೆ, ಉಸಿರು ತೆಗೀಲಿಕ್ಕೆ ಮಾತ್ರ ನಡುವಿನಲ್ಲಿ ನಿಲ್ಲಿಸ್ತೇನೆ.

ಎಂಜಿನ್ ಮಾಮ

ನಮ್ಮವರು ಅಕ್ಕಿ ಮಿಲ್ಲಿನ ಎಂಜಿನು ರಿಪೇರಿ ಮಾಡುವವರು. ಬಂಟ್ವಾಳದಲ್ಲಿ ಒಂದು ಎಂಜಿನನ್ನು ಸರಿ ಮಾಡುವಾಗ ಬೆಳ್ತಂಗಡಿಯಲ್ಲಿ ಇನ್ನೊಂದು ಕೆಮ್ಮಲಿಕ್ಕೆ ಶುರು ಮಾಡ್ತದೆ. ಅದರ ಬಾಯಿ ಮುಚ್ಚಿಸಿದ್ರೆ ಮೂಡಬಿದ್ರೆಯಿಂದ ಆಳು ಬಂದು ನಿಂತಿರ್ತಾನೆ. ನಾನು ಇದ್ದದ್ದು ಅಳದಂಗಡಿ ಹತ್ತಿರ ನನ್ನ ತಾಯಿಮನೆಯಲ್ಲಿ. ನಮ್ಮದು ಅಳಿಯಕಟ್ಟು ಅಲ್ವಾ, ಹೆಂಡತಿ ಮಕ್ಕಳು ತಾಯಿಮನೆಯಲ್ಲೇ, ಗಂಡ ಬಂದು ಹೋಗುವ ನೆಂಟ. ಅಮ್ಮನ ಅಣ್ಣ, ನಮ್ಮ ದೊಡ್ಡ ಮಾವ, ಅವರೇ ಆ ಮನೆಯ ಯಜಮಾನರು. ಮನೆ ತುಂಬ ಜನ. ಬೆಳಿಗ್ಗೆ ಎದ್ದು ಮುಖ ತೊಳೀಲಿಕ್ಕೆ ಹೋದ್ರೆ ಬಾವಿಕಟ್ಟೆಯಲ್ಲಿ ನನ್ನ ಪಾಳಿ ಬರುವಾಗ ಮಧ್ಯಾಹ್ನದ ಗಂಜಿ ಬಡಿಸಿ ಆಗಿರ್ತದೆ.

ಒಂದು ಸಲ ನಮ್ಮವರು ಮೂರು ವಾರ ಕಳೆದು ಬಂದ್ರು. ಮೈಯೆಲ್ಲ ಎಣ್ಣೆ, ಮಸಿ. ನನ್ನ ಸಣ್ಣ ಮಗ ನನ್ನ ಸೀರೆ ಹಿಂದೆ ಅಡಗಿ, "ಅಮ್ಮ, ಎಂಜಿನ್ ಮಾಮ ಬಂದ್ರು" ಅಂತ ಕೂಗಿದ!

ಮನೆಮಂದಿಯೆಲ್ಲ ಬಿದ್ದು ಬಿದ್ದು ನಕ್ಕದ್ದೇ ನಕ್ಕದ್ದು. ನಮ್ಮವರೂ ನಕ್ಕರು, ಆದರೆ ಬೆನ್ನು ಹಾಕಿ ನಕ್ಕರು. ನನಗೆ ನಗು ಬರ್ಲಿಲ್ಲ. ಮಗ ಅಪ್ಪನನ್ನು ಮಾಮ ಅಂತಾನಲ್ಲ! ಸೀದಾ ಹೋಗಿ ದೊಡ್ಡ ಮಾವನ ಎದುರು ನಿಂತೆ.

"ಮಾವ, ನಾನು ಮಕ್ಕಳನ್ನು ಕರ್ಕೊಂಡು ಇವರ ಒಟ್ಟಿಗೆ ಹೋಗ್ತೇನೆ."

"ಎಲ್ಲಿಗೆ? ಅವನಿಗೆ ಮನೆ ಎಲ್ಲುಂಟು?"

"ಒಂದು ಗಾಡಿ ತೆಗೀತೇವೆ. ಅದರಲ್ಲೇ ಇರ್ತೇವೆ. ಇವರು ಹೋದಲ್ಲಿ ನಾವು."

ಮಾವ ಎಲೆ ಅಡಿಕೆ ಉಗುಳಿ ಬಂದು ಕೂತ್ರು. "ಗಾಡಿ ಅಂದ್ರೆ ಗಾಡಿ, ಮನೆ ಅಂದ್ರೆ ಮನೆ. ಹೋಗು, ಹೋಗಿ ಸಾಕಾಗ್ಲಿ. ನಿನ್ನ ಬಸಿರಿಗೆ ಏಳು ತಿಂಗಳು ತುಂಬಿದ ಕೂಡಲೇ ನಾನೇ ಬಂದು ನಿನ್ನನ್ನೂ ಮಕ್ಕಳನ್ನೂ ಕರ್ಕೊಂಡು ಬರ್ತೇನೆ. ಮತ್ತೆ ಕಳಿಸುವ ಮಾತೇ ಇಲ್ಲ. ಆಗ ನೀನು ಬಾಯಿ ತೆಗೀಬಾರದು."

ನಾನು ಹೇಳಿದೆ, "ಮಾವ, ಬಾಯಿ ಬಿಟ್ಟು ನನ್ನ ಹತ್ತಿರ ಬೇರೆ ಎಂತ ಉಂಟು?"

ಮಲಗಿ ನೋಡಿದ್ದು

ಬಂಟ್ವಾಳದಲ್ಲಿ ಹಳೇ ಗಾಡಿ ಮಾರುವವರು ಒಬ್ಬರಿದ್ರು. ಅವರ ಹತ್ತಿರ ನಾನು ಕಡ್ಡಿ ಮುರಿದ ಹಾಗೆ ಹೇಳಿದೆ, "ಹೊರಗಿನಿಂದ ಸಣ್ಣ ಇರಬೇಕು, ಒಳಗಿನಿಂದ ದೊಡ್ಡ ಇರಬೇಕು."

"ಅಂಥ ಗಾಡಿ ದೇವಲೋಕದಲ್ಲಿ ಉಂಟು ಅಕ್ಕ" ಅಂದ್ರು ಅವರು.

ನಾನು ಹೇಳಿದ್ದರಲ್ಲಿ ತಪ್ಪೆಂತ? ಗಾಡಿ ದೊಡ್ಡದಾದ್ರೆ ಮಿಲ್ಲಿನ ಗೇಟಿಗೆ ಹೋಗುದಿಲ್ಲ, ಸಣ್ಣದಾದ್ರೆ ನಾವು ಗಾಡಿಗೆ ಹೋಗುದಿಲ್ಲ! ಮೊದಲು ಒಂದು ಮಿಲಿಟರಿ ಜೀಪು ತೋರಿಸಿದ್ರು. ಕೂತ್ರೆ ಮೊಣಕಾಲು ಕಿವಿಗೆ ತಾಗ್ತದೆ. ಆಮೇಲೆ ಲಾರಿ. ಒಳಗೆ ಒಂದು ಮದುವೆ ಮಾಡಬಹುದು, ಆದರೆ ತಿರುಗಿಸ್ಲಿಕ್ಕೆ ಒಂದು ಗದ್ದೆ ಬೇಕು. ಕಡೆಗೆ ಮೂಲೆಯಲ್ಲಿ ಒಂದು ಗಿಡ್ಡ ಬಸ್ಸು, ಮೂಗು ಮುಂದೆ ಬಂದದ್ದು, ಸರ್ವಿಸಿನಿಂದ ತೆಗೆದು ಹಾಕಿದ್ದು.

ನಾನು ಮನೆಯಿಂದ ಐದು ಚಾಪೆ ತಂದಿದ್ದೆ. ಒಳಗೆ ಸೀಟು ಬಿಚ್ಚಿದ ಜಾಗದಲ್ಲಿ ಎಲ್ಲ ಹಾಸಿದೆ. "ಮಲಗಿ" ಅಂದೆ. ನಮ್ಮವರು ಮಲಗಿದ್ರು, ಮಗಳು ಮಲಗಿದಳು, ಮಗ ಮಲಗಿದ, ಐದು ತಿಂಗಳ ಹೊಟ್ಟೆ ಹಿಡ್ಕೊಂಡು ನಾನೂ ಮಲಗಿದೆ. ಮಾರುವವರು ಬಾಗಿಲಲ್ಲಿ ನಿಂತು ತಲೆ ಕೆರೆದ್ರು. "ಗಾಡಿ ತೆಗೆಯುವವರು ಟಯರಿಗೆ ಒದೀತಾರೆ, ಬಾನೆಟ್ ಎತ್ತಿ ನೋಡ್ತಾರೆ. ಮಲಗುವವರನ್ನು ನಾನು ಇದೇ ಮೊದಲು ನೋಡುದು."

"ಎಂಜಿನು ಹಾಳಾದ್ರೆ ಇವರು ಸರಿ ಮಾಡ್ತಾರೆ. ಜಾಗ ಹಾಳಾದ್ರೆ ಯಾರು ಸರಿ ಮಾಡುದು?" ಅಂದೆ ನಾನು, ಮಲಗಿಕೊಂಡೇ.

"ಅದು ಸರಿ. ನಾಲ್ಕು ಜನ ಮಲಗಿದ್ದೀರಿ. ಐದನೇ ಚಾಪೆ ಯಾರಿಗೆ?"

"ಒಬ್ಬರು ಬರ್ಲಿಕ್ಕುಂಟು."

ಅವರು ರಸ್ತೆ ಕಡೆ ಕತ್ತು ಉದ್ದ ಮಾಡಿ ನೋಡಿ ಕೇಳಿದ್ರು, "ಎಷ್ಟು ಗಂಟೆಗೆ ಬರ್ತಾರೆ? ನನಗೆ ಊಟಕ್ಕೆ ಹೋಗ್ಬೇಕು."

ಬಾಗಿಲು ಯಾವ ದಿಕ್ಕಿಗೆ?

ಮನೆ ಅಂದ ಮೇಲೆ ಒಕ್ಕಲು, ಅಂದ್ರೆ ಗೃಹಪ್ರವೇಶ, ಆಗ್ಬೇಡ್ವಾ? ಜನ ನಗ್ತಾರೆ ಅಂತ ನಮ್ಮವರಿಗೆ ಸಂಕೋಚ. ನಗ್ಲಿ, ನಕ್ಕವರಿಗೂ ಪಾಯಸ ಕೊಡುವ ಅಂತ ನಾನು ಬಂಟ್ವಾಳದ ಮಿಲ್ಲಿನ ಧನಿಗಳ ಅಂಗಳಕ್ಕೆ ಭಟ್ಟರನ್ನು ಕರೆಸಿಯೇ ಬಿಟ್ಟೆ. ಭಟ್ಟರು ಬಸ್ಸಿಗೆ ಒಂದು ಸುತ್ತು ಬಂದು, "ಬಾಗಿಲು ದಕ್ಷಿಣಕ್ಕೆ ಉಂಟಲ್ಲ ಮಗಾ, ಆಗ್ಲಿಕ್ಕಿಲ್ಲ" ಅಂತ ಮುಖ ಸಣ್ಣ ಮಾಡಿದ್ರು.

"ನಿಮಗೆ ಯಾವ ದಿಕ್ಕಿಗೆ ಬೇಕು ಹೇಳಿ ಭಟ್ರೆ."

"ಬೇಕು ಅಂದ್ರೆ ಪೂರ್ವ."

ನಮ್ಮವರು ಹತ್ತಿ ಸ್ಟಾರ್ಟ್ ಮಾಡಿದ್ರು. ಭಟ್ಟರು ಪಂಚೆ ಎತ್ತಿಕಟ್ಟಿ ಅಂಗಳದ ನಡುವೆ ನಿಂತು, ಕೈ ಬೀಸಿ, "ಬರ್ಲಿ, ಬರ್ಲಿ, ಇನ್ನು ಸ್ವಲ್ಪ ಪೂರ್ವ, ಹಿಂದೆ ತುಳಸಿಕಟ್ಟೆ ಉಂಟು, ಹೋಲ್ಡಾನ್!" ಅಂತ ಬೊಬ್ಬೆ ಹಾಕಿದ್ರು. ನಾನು ಎಷ್ಟೋ ಒಕ್ಕಲು ನೋಡಿದ್ದೇನೆ, ಭಟ್ಟರು ಹೇಳಿದ್ದರಲ್ಲಿ ನನಗೆ ಪೂರ್ತಿ ಅರ್ಥ ಆದದ್ದು ಅಷ್ಟೇ.

ಚಪ್ಪಲಿ

ಬಸ್ಸಿನ ಹಳೇ ಹೆಸರಿನ ಮೇಲೆ ನಮ್ಮವರು ಹಸಿರು ಬಣ್ಣ ಬಳಿದ್ರು. ಆದರೆ ಬಣ್ಣ ಎಂತ ಬಳಿದ್ರೂ ಬಸ್ಸಿನ ಮುಖ ಬಸ್ಸಿನದ್ದೇ. ಎದುರಿಗೆ ಎರಡು ಸಾಲು ಸೀಟು ಹಾಗೇ ಬಿಟ್ಟಿದ್ದೇವೆ, ಅದರ ಹಿಂದೆ ನನ್ನ ಹಳೇ ಸೀರೆಯ ಪರದೆ, ಪರದೆಯ ಹಿಂದೆ ಸಂಸಾರ. ರಸ್ತೆ ಬದಿಯಲ್ಲಿ ನಿಂತವರಿಗೆ ಇದೆಲ್ಲ ಹೇಗೆ ಗೊತ್ತಾಗ್ಬೇಕು? ಕೈ ತೋರಿಸ್ತಾರೆ. ನಮ್ಮವರಿಗೆ ದಾಕ್ಷಿಣ್ಯ, ನಿಲ್ಲಿಸ್ತಾರೆ.

ಮೆಲ್ಕಾರಿನಲ್ಲಿ ಒಬ್ಬರು ಕೋಟು ಹಾಕಿದವರು ಹತ್ತಿ, ಪರದೆ ಸರಿಸಿ ಸೀದಾ ಒಳಗೇ ಬಂದ್ರು. ನಾನು ಸ್ಟವ್ವಿನ ಎದುರು ಕೂತು ಸಾರಿಗೆ ಒಗ್ಗರಣೆ ಹಾಕ್ತಾ ಇದ್ದೆ. ಸಾಸಿವೆ ಚಟಪಟ ಅಂತು, ಅವರು ಎಗರಿ ಬಿದ್ರು.

"ಎಂತದಮ್ಮ ಇದು! ಬಸ್ಸಿನಲ್ಲಿ ಒಗ್ಗರಣೆ ಹಾಕುದಾ?"

"ಎಂತದು ಸ್ವಾಮಿ ಇದು! ಅಡುಗೆಕೋಣೆಗೆ ಚಪ್ಪಲಿ ಹಾಕ್ಕೊಂಡು ಬರುದಾ?"

ಪಾಪ, ಮರ್ಯಾದಸ್ಥರು. ಗಾಬರಿಯಲ್ಲಿ ಚಪ್ಪಲಿ ಅಲ್ಲೇ ಬಿಚ್ಚಿಟ್ಟು, ಕೈ ಮುಗಿದು, ಬರಿಗಾಲಲ್ಲಿ ಇಳಿದು ಹೋದ್ರು. ನಮಗೆ ಚಪ್ಪಲಿ ಕಂಡದ್ದು ಬಂಟ್ವಾಳ ದಾಟಿದ ಮೇಲೆ. ಮೂರು ದಿನ ಅದೇ ಜಾಗದಲ್ಲಿ ಗಾಡಿ ನಿಧಾನ ಮಾಡಿ ಹುಡುಕಿದ್ವಿ. ನಾಲ್ಕನೇ ದಿನ ಅವರು ಕಂಡ್ರು. ನಮ್ಮ ಬಸ್ಸು ನೋಡಿದ್ದೇ, ಕಾಲಲ್ಲಿದ್ದ ಹೊಸ ಚಪ್ಪಲಿಯನ್ನು ಕೈಯಲ್ಲಿ ಹಿಡ್ಕೊಂಡು ಓಡಿದ್ರು!

ಸ್ಲೇಟು

ಮಗಳನ್ನು ಮೂಡಬಿದ್ರೆಯಲ್ಲಿ ಶಾಲೆಗೆ ಸೇರಿಸ್ಲಿಕ್ಕೆ ಹೋದೆ. ನಮ್ಮ ಊರಲ್ಲಿ ಹೆಸರು ಕೇಳುವ ಮೊದಲೇ ಮನೆ ಕೇಳುದು ಅಲ್ವಾ? ಮಾಷ್ಟ್ರೂ ಹಾಗೇ, ಪೆನ್ನು ಬಿಚ್ಚಿ ಕೇಳಿದ್ರು, "ಮನೆ ಎಲ್ಲಿ?"

"ಮೊನ್ನೆ ಮೆಲ್ಕಾರಿನಲ್ಲಿತ್ತು. ನಿನ್ನೆ ಮಿಜಾರಿನಲ್ಲಿ. ಈಗ ನಿಮ್ಮ ಮಾವಿನ ಮರದ ಅಡಿಯಲ್ಲಿ ಉಂಟು ಮಾಷ್ಟ್ರೆ, ನಿಮ್ಮ ಸೈಕಲಿನ ಪಕ್ಕ."

ಮಾಷ್ಟ್ರು ಕಿಟಕಿಯಲ್ಲಿ ನೋಡಿದ್ರು, ನನ್ನನ್ನು ನೋಡಿದ್ರು. "ಇಲ್ಲಿ ಮನೆ ಅಂತ ಒಂದು ಸ್ಥಿರ ಬೇಕಮ್ಮ" ಅಂದ್ರು.

"ಮಗುವಿಗೆ ಅಪ್ಪ ಸ್ಥಿರ ಉಂಟು, ಅಮ್ಮ ಸ್ಥಿರ ಉಂಟು. ಗೋಡೆ ಮಾತ್ರ ಹೋಗಿ ಬರ್ತದೆ. ಬರೀರಿ ಮಾಷ್ಟ್ರೆ!" ಅಂದೆ. ಬರೆದ್ರು. ಎಂತ ಬರೆದ್ರೋ ನಾನು ನೋಡ್ಲಿಲ್ಲ.

ಹದಿನೈದು ದಿನ ಕಳೆದು ಮಗಳು ಸ್ಲೇಟು ಮರೆತು ಹೋದಳು. ಮಾಷ್ಟ್ರು ಗದರಿಸಿದ್ರಂತೆ, "ಎಲ್ಲಿ ಸ್ಲೇಟು?"

"ಮನೆಯಲ್ಲುಂಟು ಮಾಷ್ಟ್ರೆ."

"ಓಡಿ ಹೋಗಿ ತಗೊಂಡು ಬಾ."

"ಮನೆ ಬೆಳ್ತಂಗಡಿಗೆ ಹೋಗಿದೆ ಮಾಷ್ಟ್ರೆ. ಸಂಜೆ ಬರ್ತದೆ."

ಯಜಮಾನರು

ಅಷ್ಟರಲ್ಲಿ ನನಗೆ ಏಳು ತಿಂಗಳು ತುಂಬಿತು. ದೊಡ್ಡ ಮಾವ ಹೇಳಿದ ಮಾತು ತಪ್ಪುವವರಲ್ಲ. ಮಗ ಈಗ ಅಪ್ಪನ ಹೆಗಲಿನಿಂದ ಇಳಿಯುದೇ ಇಲ್ಲ. ಅವನನ್ನು ಎಳ್ಕೊಂಡು ಹೋದ್ರೆ?

ಒಂದು ಆದಿತ್ಯವಾರ ಬೆಳ್ತಂಗಡಿಯಲ್ಲಿ ಮಿಲ್ಲಿನ ಕೆಲಸ ಮುಗಿಸಿ ಮೂಡಬಿದ್ರೆಗೆ ಹೊರಟಿದ್ವಿ. ದಾರಿಯಲ್ಲಿ ಬಸಳೆ ಮಾರುವ ಒಬ್ಬಳು ಅಜ್ಜಿ ಕೈ ತೋರಿಸಿದಳು. ತಲೆಯಲ್ಲಿ ಬುಟ್ಟಿ, ಉರಿ ಬಿಸಿಲು. ಹತ್ತಿಸಿ ಎದುರಿನ ಸೀಟಿನಲ್ಲಿ ಕೂರಿಸಿದೆ. ಗುರುವಾಯನಕೆರೆಯಲ್ಲಿ ಇನ್ನೊಬ್ಬರು ಕೊಡೆ ಎತ್ತಿ ಅಡ್ಡ ಹಿಡಿದ್ರು. ನಮ್ಮವರು ನಿಲ್ಲಿಸಿದ್ರು.

ಹತ್ತಿದ್ದು ಯಾರು ಹೇಳಿ? ನಮ್ಮ ದೊಡ್ಡ ಮಾವ!

ಅವರು ನಮ್ಮ ಗಾಡಿ ನೋಡಿದ್ದೇ ಇಲ್ಲ, ಮೊದಲೇ ಕಣ್ಣು ಮಂಜು. ಸರ್ವಿಸು ಬಸ್ಸು ಅಂತ ಗ್ರಹಿಸಿ ಹತ್ತಿದ್ದಾರೆ. ನಮ್ಮವರು ತಲೆಗೆ ಸುತ್ತಿದ ಬೈರಾಸು ವಸ್ತ್ರವನ್ನು ಹುಬ್ಬಿನವರೆಗೆ ಎಳೆದು ರಸ್ತೆಯನ್ನೇ ನೋಡಿದ್ರು. ನಾನು ಪರದೆಯ ಹಿಂದೆ ಮಕ್ಕಳ ಬಾಯಿಗೆ ಒಂದೊಂದು ಬೆಲ್ಲದ ಉಂಡೆ ತುರುಕಿಸಿದೆ.

"ಎಲ್ಲಿಗೆ ಧನಿಗಳೇ?" ಬಸಳೆ ಅಜ್ಜಿ ಕೇಳಿದಳು.

"ಮೂಡಬಿದ್ರೆಗೆ. ನನ್ನ ತಂಗಿಯ ಮಗಳು ಒಬ್ಬಳುಂಟು, ಮಕ್ಕಳನ್ನು ಹಾಕ್ಕೊಂಡು ಯಾವುದೋ ಡಕೋಟ ಗಾಡಿಯಲ್ಲಿ ಊರೂರು ತಿರುಗ್ತಾಳೆ. ಎಲ್ಲರನ್ನೂ ಇವತ್ತು ಎಳ್ಕೊಂಡು ಬರ್ತೇನೆ. ಮನೆ ಬಿಟ್ಟು ಗಾಡಿಯಲ್ಲಿ ಮನುಷ್ಯರು ಇರ್ತಾರಾ?"

"ಗಾಡಿಯಲ್ಲಿ ಸುಖ ಉಂಟು ಧನಿಗಳೇ. ಈ ಬಸ್ಸೇ ನೋಡಿ, ಕಾಫಿ ಸಹ ಕೊಡ್ತಾರೆ."

ಹೌದು, ಆಗಷ್ಟೇ ಅವಳಿಗೆ ಕೊಟ್ಟಿದ್ದೆ. ಈಗ ಮಾಡುದೆಂತ? ಪರದೆಯ ಸಂದಿಯಲ್ಲಿ ಕೈ ಮಾತ್ರ ಹೊರಗೆ ಹಾಕಿ ಇನ್ನೊಂದು ಲೋಟ ಹಿಡಿದೆ. ಮಾವ ತಗೊಂಡ್ರು, ಕುಡಿದ್ರು, ಕಾಲು ನೀಡಿ ಕೂತ್ರು. "ಹೌದು ಮಾರಾಯ್ತಿ! ಎಂಥ ಬಸ್ಸು! ನಮ್ಮ ಮನೆಯಲ್ಲಿ ನನಗೆ ಕಾಲು ನೀಡ್ಲಿಕ್ಕೆ ಜಾಗ ಇಲ್ಲ, ಬಿಸಿ ಕಾಫಿ ನನಗೆ ಮುಟ್ಟುವಾಗ ತಣಿದಿರ್ತದೆ. ಇಲ್ಲಿ ನೋಡು!"

ಬೆಲ್ಲ ಎಷ್ಟು ಹೊತ್ತು ಇರ್ತದೆ? ವೇಣೂರು ಹತ್ತಿರ ಬರುವಾಗ ಮಗನ ಬಾಯಿ ಖಾಲಿ ಆಯ್ತು. ಪರದೆಯ ಅಡಿಯಿಂದ ತಲೆ ಹಾಕಿ, "ಅಜ್ಜಾ!" ಅಂತ ಕೂಗಿದ.

ನಮ್ಮವರು ಗಾಬರಿಯಲ್ಲಿ ಬ್ರೇಕ್ ಒತ್ತಿದ್ರು. ಗಾಡಿ ನಿಂತಿತು, ಎಂಜಿನೂ ನಿಂತಿತು. ನಾನು ಪರದೆ ಸರಿಸಿ ಹೊರಗೆ ಬಂದೆ. ಇನ್ನು ಅಡಗಿ ಎಂತ ಉಂಟು?

"ಬನ್ನಿ ಮಾವ. ಇನ್ನೊಂದು ಲೋಟ ಕಾಫಿ ಕೊಡ್ಲಾ?"

ಮಾವನ ಮುಖ ಕೆಂಪಾಯ್ತು. ದಡಕ್ಕ ಎದ್ದು ತಲೆಯನ್ನು ಬಸ್ಸಿನ ಮೇಲಿನ ಮಾಡಿಗೆ ಬಡಿದುಕೊಂಡು, "ಟಿಕೇಟು ಕೊಡು! ಟಿಕೇಟು ತಗೊಂಡೇ ಇಳೀತೇನೆ. ನಾನು ನಿನ್ನ ಮನೆಗೆ ಬಂದದ್ದಲ್ಲ!" ಅಂತ ಗುಡುಗಿದ್ರು.

"ಎಲ್ಲಿಗೆ ಬಂದದ್ದಲ್ಲ ಮಾವ?"

"ನಿನ್ನ ಮನೆಗೆ!"

"ಅಜ್ಜಿ, ಕೇಳಿದ್ರಾ? ಮಾವ ಮನೆ ಅಂದ್ರು!"

"ಎರಡು ಸಲ ಅಂದ್ರು" ಅಂದಳು ಬಸಳೆ ಅಜ್ಜಿ.

ಮಾವ ಸೀಟಿನಲ್ಲಿ ಕೂತುಬಿಟ್ರು. ಮಗ ಹೋಗಿ ಅವರ ಕೊಡೆ ತಗೊಂಡು, "ಅಪ್ಪ, ಅಜ್ಜನ ಕೊಡೆ ನೋಡಿ" ಅಂತ ನಮ್ಮವರ ತೊಡೆ ಹತ್ತಿ ಕೂತ. 'ಅಪ್ಪ' ಅಂದದ್ದು ಮಾವನಿಗೆ ಕೇಳಿತು. ಅವರು ಅಪ್ಪ-ಮಗ ಇಬ್ಬರನ್ನೂ ನೋಡಿದ್ರು.

"ಸರಿ. ಬಾಯಿಯಿಂದ ಬಂದ ಮಾತು ನಾನು ವಾಪಸು ತಗೊಳ್ಳುವವನಲ್ಲ. ಇದು ಮನೆ. ಆದರೆ ಒಂದು ವಿಷಯ. ಅಳಿಯಕಟ್ಟಿನಲ್ಲಿ ತಂಗಿಯ ಮಗಳ ಮನೆಗೆ ಯಜಮಾನ ಯಾರು?"

"ನೀವು ಮಾವ."

"ಹಾಂ! ಅದು ನೆನಪಿರ್ಲಿ" ಅಂತ ಎದುರಿನ ಸಾಲಿಗೆ ಬಂದು ನಮ್ಮವರ ಹಿಂದೆಯೇ ಗತ್ತಿನಲ್ಲಿ ಕೂತ್ರು.

"ಹಾಗಾದ್ರೆ ಮಕ್ಕಳನ್ನು ಎಳ್ಕೊಂಡು ಹೋಗುದು?"

"ಎಲ್ಲಿಗೆ ಎಳ್ಕೊಂಡು ಹೋಗುದು? ಯಜಮಾನ ಇದ್ದಲ್ಲಿ ಮಕ್ಕಳು. ನಾನು ಇಲ್ಲೇ ಇದ್ದೇನಲ್ಲ! ಹೂಂ, ಹೋಗುವ!"

ಹೋಗುವ ಅಂದ್ರೆ ಹೋಗ್ಬೇಕಲ್ಲ. ಊರಿನ ಎಂಜಿನೆಲ್ಲ ಸರಿ ಮಾಡುವ ನಮ್ಮವರ ಸ್ವಂತ ಎಂಜಿನು, ಬ್ಯಾಟರಿ ಸತ್ತು, ತಳ್ಳದೆ ಹೊರಡುದಿಲ್ಲ. ಇವರು ಸ್ಟೇರಿಂಗ್ ಬಿಡ್ಲಿಕ್ಕಿಲ್ಲ. ನನಗೆ ಏಳು ತಿಂಗಳು. ನಾನು ಸೊಂಟಕ್ಕೆ ಕೈ ಇಟ್ಟು ಹೇಳಿದೆ, "ಯಜಮಾನರೇ, ಇಳೀರಿ."

ಮನೆಯಲ್ಲಿ ಬಿದ್ದ ತೆಂಗಿನಕಾಯಿ ಸಹ ಬಗ್ಗಿ ಹೆಕ್ಕದ ದೊಡ್ಡ ಮಾವ ಪಂಚೆ ಎತ್ತಿಕಟ್ಟಿ ಹಿಂದೆ ಹೋದ್ರು. ಬಸಳೆ ಅಜ್ಜಿಯೂ ಬುಟ್ಟಿ ಇಟ್ಟು ಹೆಗಲು ಕೊಟ್ಟಳು. ಗಾಡಿ ಒಂದು ಗೇಣು ಹೋಯ್ತು, ಎರಡು ಗೇಣು ಹೋಯ್ತು. ಆಗ ಸೈಕಲಿನಲ್ಲಿ ಹೋಗುವವನೊಬ್ಬ ಕಾಲು ಊರಿ ನಿಂತು, ಹಲ್ಲು ಕಿರಿದು ಕೇಳಿದ, "ಎಂತ ಧನಿಗಳೇ, ಬಸ್ಸು ಹಾಳಾಯ್ತಾ?"

ಮಾವ ಬೆವರಿನ ಮುಖ ಎತ್ತಿ, ವೇಣೂರು ಪೇಟೆಗೆಲ್ಲ ಕೇಳುವ ಹಾಗೆ ಗರ್ಜಿಸಿದ್ರು:

"ಬಸ್ಸು ಎಂತದು ಬಸ್ಸು? ಕಣ್ಣು ಕಾಣುದಿಲ್ವಾ ನಿನಗೆ? ಮನೆ ಮಾರಾಯ, ಮನೆ! ಸೈಕಲು ಬದಿಗಿಟ್ಟು ನೀನೂ ಒಂದು ಕೈ ಹಾಕು!"