ಮದುಮಗನ ಮುಟ್ಟಾಳೆ

"ಸೂಜಿ ಒಳಗೆ ಹೋಗುವಂಥ ಯಾವ ಸಾಮಾನಾದ್ರೂ ತನ್ನಿ ಮಾರಾಯ್ರೆ, ಅದರ ಮೇಲೆ ನವಿಲು ಕೂರಿಸಿ ಕೊಡದಿದ್ರೆ ನಾನು ಪದ್ಮಯ್ಯನೇ ಅಲ್ಲ."

ಕಡಬದ ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಪದ್ಮಯ್ಯ ಗೌಡರು ಈ ಪ್ರತಿಜ್ಞೆ ಮಾಡದೆ ಬೆಳಗ್ಗಿನ ಚಾ ಕುಡಿದವರಲ್ಲ. ಭೀಷ್ಮ ಒಂದೇ ಸಲ ಪ್ರತಿಜ್ಞೆ ಮಾಡಿ ಜೀವಮಾನವಿಡೀ ಒದ್ದಾಡಿದ. ಪದ್ಮಯ್ಯನವರು ದಿನಾ ಮಾಡಿಯೂ ಆರಾಮವಾಗಿದ್ದರು. ಇದರ ಗುಟ್ಟು ಅವರ ಎಂಬ್ರಾಯಿಡರಿ ಅಂಗಡಿಯ ಗೋಡೆಯ ಮೇಲಿತ್ತು. ಕೆಂಪು ವೆಲ್ವೆಟ್ಟಿನಲ್ಲಿ ಹಳದಿ ದಾರದ ಅಕ್ಷರ, ಅವರದೇ ಮೆಶಿನ್ನಿನಲ್ಲಿ ಹೊಡೆದು ಗಾಜು ಹಾಕಿಸಿದ ಬೋರ್ಡು: "ನೀವು ತಂದ ಮಾಲು ಹಾಳಾದರೆ ನಾವು ಜವಾಬ್ದಾರರಲ್ಲ."

ಅಂಗಡಿಯ ಹೆಸರನ್ನು ಓದಲು ರಸ್ತೆ ದಾಟಿ ಹತ್ತಿರ ಬರಬೇಕಿತ್ತು. ಈ ಬೋರ್ಡನ್ನು ಮಾತ್ರ ಮೈಲುಗಟ್ಟಲೆ ದೂರದ ರಾಮಕುಂಜದಲ್ಲಿ ನಿಂತವರೂ ಓದಬಹುದು ಎಂದು ಊರವರು ಹೇಳುತ್ತಿದ್ದರು. ಸ್ವಲ್ಪ ಉತ್ಪ್ರೇಕ್ಷೆ ಇದೆ. ರಾಮಕುಂಜದವರಿಗೆ ಕನ್ನಡಕ ಬೇಕಾಗುತ್ತಿತ್ತು.

ಪದ್ಮಯ್ಯನವರನ್ನೂ ಪೂರ್ತಿ ದೂರುವಂತಿಲ್ಲ. ಬಟ್ಟೆ ಅಂಗಡಿಯವನದಾದರೆ ಗಿರಾಕಿ ಬರೀ ಗಿರಾಕಿ. ಬಟ್ಟೆ ತನ್ನದಾದರೆ ಅವನು ಹೆಣ್ಣು ಕೊಟ್ಟ ಮಾವ. ಅಜ್ಜನ ಕಾಲದ ಬೈರಾಸು ಟವಲು ತಂದು, ಅದರಲ್ಲಿ ತೂತು ಇಲ್ಲದ ಜಾಗ ಹುಡುಕಿ ಗುಲಾಬಿ ಹೂ ಹಾಕಿ ಎನ್ನುವವರಿದ್ದರು. ಮಗನ ಬೆವರಿನ ಕ್ರಿಕೆಟ್ ಟೊಪ್ಪಿ ತಂದು, "ಒಗೆದು ತಂದದ್ದೇ, ಮೂಸಿ ನೋಡಿ ಬೇಕಾದ್ರೆ" ಎಂದು ಮೂಗಿಗೇ ಹಿಡಿಯುವವರಿದ್ದರು. ಎಲ್ಲರದ್ದೂ ಕೊನೆಗೆ ಒಂದೇ ರಾಗ: "ಬಟ್ಟೆ ನಮ್ಮದೇ ಅಲ್ವಾ, ನಿಮಗೆ ಅದರಲ್ಲಿ ಎಂತ ಖರ್ಚು ಉಂಟು?" ಬಾವಿ ನಮ್ಮದೇ, ನೀರು ಸೇದುವವನಿಗೆ ಎಂತ ಕಷ್ಟ ಎಂದ ಹಾಗೆ.

ಪದ್ಮಯ್ಯನವರ ಹೆಂಡತಿ ದೇವಮ್ಮ ಅದೇ ಅಂಗಡಿಯ ಮೂಲೆಯಲ್ಲಿ ಕೂತು, ಹೊಲಿಗೆ ಮುಗಿದ ಬಟ್ಟೆಯ ಹೆಚ್ಚಿನ ದಾರವನ್ನು ಸಣ್ಣ ಕತ್ತರಿಯಿಂದ ತೆಗೆಯುತ್ತಿದ್ದರು. ಅವರದ್ದು ಒಂದೇ ಮಾತು: "ಒಂದು ಪೀಸು ಹೆಚ್ಚಿಗೆ ತರ್ಲಿಕ್ಕೆ ಹೇಳಿ. ಮೊದಲು ಅದರಲ್ಲಿ ಹೊಡೆದು ನೋಡುವ."

"ಮದುವೆಗೆ ಮುಂಚೆ ಭಟ್ರು ಬೇರೆ ಯಾರಿಗಾದ್ರೂ ತಾಳಿ ಕಟ್ಟಿಸಿ ನೋಡ್ತಾರಾ?" ಎಂದು ಪದ್ಮಯ್ಯನವರು ಪ್ರತಿ ಸಲವೂ ಆ ಮಾತನ್ನು ಅಲ್ಲೇ ಕತ್ತರಿಸುತ್ತಿದ್ದರು.

ಹೀಗೆ ನೋಡದೆ ಹೊಡೆದದ್ದರಲ್ಲಿ ಅಂಗನವಾಡಿಯ ಸೇವಂತಿ ಟೀಚರ ರೇಷ್ಮೆ ರವಿಕೆಯೂ ಒಂದು. ತೋಳಿನ ಮೇಲ್ಪದರ ಕೆಳಪದರ ಎರಡನ್ನೂ ಒಟ್ಟಿಗೆ, ಬಟ್ಟೆ ಬಿಗಿಯುವ ರಿಂಗಿಗೆ ಸಿಕ್ಕಿಸಿ ಮೆಶಿನ್ ಬಿಟ್ಟದ್ದರಿಂದ ಮಾವಿನಕಾಯಿಯ ಡಿಸೈನು ಬಹಳ ಚಂದ ಬಂತು, ತೋಳು ಮಾತ್ರ ಮುಚ್ಚಿಹೋಯಿತು.

"ಪದ್ಮಯ್ಯಣ್ಣ, ಇದಕ್ಕೆ ಕೈ ಎಲ್ಲಿಂದ ಹಾಕುದು?" ಎಂದು ಸೇವಂತಿ ಕೇಳಿದರು.

ಪದ್ಮಯ್ಯನವರು ಬೆರಳೆತ್ತಿ ಬೋರ್ಡು ತೋರಿಸಿದರು. ಆಮೇಲೆ ಜೇಬಿನಿಂದ ಬಾಚಣಿಗೆ ತೆಗೆದು ತಲೆ ಬಾಚಿಕೊಂಡರು. ಅರುವತ್ತು ದಾಟಿದರೂ ಅವರ ತಲೆಯಲ್ಲಿ ಕಾಡು ಹಾಗೇ ಇತ್ತು. ಅದರ ಮೇಲೆ ಅವರಿಗಿದ್ದ ಅಭಿಮಾನ ಮೆಶಿನ್ನಿನ ಮೇಲೂ ಇರಲಿಲ್ಲ.

ಇಂಥ ಸುಖದ ದಿನಗಳಲ್ಲಿ ರಾಮಕುಂಜದ ಕೃಷ್ಣಮೋಹನರು ಜೀಪಿನಲ್ಲಿ ಒಂದು ದೊಡ್ಡ ಗೋಣಿ ತಂದು ಇಳಿಸಿದರು. ಬಾಯಿ ಬಿಚ್ಚಿದರೆ ಒಳಗೆ ಮುಟ್ಟಾಳೆ. ಅಡಿಕೆ ಹಾಳೆಯ ಟೊಪ್ಪಿ ನೋಡಿ, ಹೊರೆ ಹೊರುವಾಗ, ಗದ್ದೆಗಿಳಿಯುವಾಗ ಹಿರಿಯರು ಇಡುತ್ತಿದ್ದದ್ದು, ಅದೇ. ಹೊಚ್ಚ ಹೊಸತು, ಒಣಗಿ ಗರಿಗರಿ.

"ಮಗಳು ಸಮನ್ವಿತಾಳ ಮದುವೆ ನಾಡಿದ್ದು ಪುತ್ತೂರಿನಲ್ಲಿ. ಕಬಕದಿಂದ ಹುಡುಗನ ದಿಬ್ಬಣ ಬರ್ತದೆ. ಬಂದವರ ತಲೆಗೆಲ್ಲ ಒಂದೊಂದು ಇಟ್ಟು ಸ್ವಾಗತ ಮಾಡುದು ಅಂತ ಅವಳದ್ದೇ ಐಡಿಯಾ. ಎಲ್ಲದರ ಮೇಲೂ ಹುಡುಗ ಹುಡುಗಿಯ ಹೆಸರು ಬೇಕು. ಇದೊಂದು ಮದುಮಗನದ್ದು, ಇದಕ್ಕೆ ಜರಿ ದಾರ. ನಾಳೆ ಸಂಜೆಗೆ ಆಗ್ಬೇಕು. ಆಗ್ತದಾ ಗೌಡ್ರೇ?"

"ಒಂದು ಹೆಚ್ಚಿಗೆ ಉಂಟಾ?" ದೇವಮ್ಮ ಮೂಲೆಯಿಂದ ಕೇಳಿದರು.

"ಉಂಟು. ಅದು ನನ್ನ ತಲೆಗೆ."

ಹೆದರುವ ಜಾತಿಯವರು ಇಲ್ಲಿಗೇ ಕೈಮುಗಿದು ಗೋಣಿಯನ್ನು ಜೀಪಿಗೆ ಹತ್ತಿಸುತ್ತಿದ್ದರು. ಆದರೆ ಕೃಷ್ಣಮೋಹನರು ಮೆಲ್ಲಗೆ ಇನ್ನೊಂದು ಮಾತು ಬಿಟ್ಟರು. ಅವರ ಭಾವ ಮುರಳಿಕೃಷ್ಣರಿಗೆ ಪುತ್ತೂರಿನಲ್ಲಿ ಕಲ್ಯಾಣ ಮಂಟಪವಿತ್ತು. ಅದರ ಎದುರು ರಸ್ತೆಗೆ ಮುಖ ಮಾಡಿದ ಒಂದು ಅಂಗಡಿಕೋಣೆ ಖಾಲಿಯಿತ್ತು. "ಕೆಲಸ ಚಂದ ಆದ್ರೆ ಕೋಣೆ ಪದ್ಮಯ್ಯನವರಿಗೇ ಅಂತ ಭಾವ ಹೇಳಿದ್ದಾರೆ. ಮಂಟಪಕ್ಕೆ ಬರುವ ಮದುವೆಯವರೆಲ್ಲ ನಿಮ್ಮ ಗಿರಾಕಿಗಳೇ."

ಪುತ್ತೂರು! ಕಡಬದ ದರ್ಜಿಗೆ ಪುತ್ತೂರಿನಲ್ಲಿ ಅಂಗಡಿ ಎಂದರೆ ಇಂದ್ರನ ಸಭೆಯಲ್ಲಿ ಕುರ್ಚಿ ಸಿಕ್ಕಿದ ಹಾಗೆ. ಪದ್ಮಯ್ಯನವರಿಗೆ ಆ ಕೋಣೆಯ ಬಾಗಿಲು, ಬಾಗಿಲಿನ ಮೇಲೆ ತನ್ನ ಹೆಸರು, ಹೆಸರಿನ ಕೆಳಗೆ ಕ್ಯೂ ನಿಂತ ಮದುಮಕ್ಕಳು ಎಲ್ಲ ಒಟ್ಟಿಗೆ ಕಂಡರು.

"ಆದ್ರೆ ಒಂದು," ಎಂದರು ಕೃಷ್ಣಮೋಹನರು, "ಆಮೇಲೆ ಆ ಬೋರ್ಡು ತೋರಿಸಬಾರ್ದು ನೀವು."

ಪದ್ಮಯ್ಯನವರು ಸ್ಟೂಲು ಹತ್ತಿದರು. ಬೋರ್ಡನ್ನು ತಿರುಗಿಸಿ ಗೋಡೆಗೆ ಮುಖ ಮಾಡಿ ಹಾಕಿದರು. "ನಿಮ್ಮ ಮುಟ್ಟಾಳೆಗೆ ಪೂರಾ ಜವಾಬ್ದಾರಿ ನನ್ನದು ಕೃಷ್ಣಮೋಹನಣ್ಣ. ಒಂದು ಗೀರು ಬಿದ್ರೆ ಕೇಳಿ."

ದೇವಮ್ಮ ಕತ್ತರಿಯನ್ನು ಒಮ್ಮೆ ತೆರೆದು ಮುಚ್ಚಿದರು.

ಮುಟ್ಟಾಳೆ ರಿಂಗಿಗೆ ಸಿಕ್ಕುವ ವಸ್ತುವಲ್ಲ. ಅಂಥದ್ದಕ್ಕೆ ಅಂಟು ಪೇಪರ್ ಎಂದೊಂದು ಇದೆ. ಅದನ್ನು ಮೆಶಿನ್ನಿನ ಚೌಕಟ್ಟಿಗೆ ಹಾಕಿ, ಅದರ ಮೇಲೆ ಟೊಪ್ಪಿಯನ್ನು ಒತ್ತಿ ಕೂರಿಸಿದರೆ ಅಲ್ಲಾಡುವುದಿಲ್ಲ. ಹೊಲಿದ ಮೇಲೆ ಆ ಪೇಪರು ಟೊಪ್ಪಿಯ ಒಳಗೇ ಉಳಿಯುತ್ತದೆ. ಮೇಲೊಂದು ಬಟ್ಟೆ ಹಚ್ಚಿ ಅದನ್ನು ಮುಚ್ಚುವುದು ದೇವಮ್ಮನ ಕೆಲಸ.

ಪದ್ಮಯ್ಯನವರು ಮೊದಲ ಮುಟ್ಟಾಳೆ ಕೂರಿಸಿ ಬಟನ್ ಒತ್ತಿದರು. ಸೂಜಿ ಓಡಿತು. ಹುಡುಗನ ಹೆಸರು ಮುಗಿಯಿತು, ಹುಡುಗಿಯ ಹೆಸರು ಮುಗಿಯಿತು, ಎರಡರ ನಡುವಿನ ಹೃದಯದ ಚಿತ್ರಕ್ಕೆ ಬರುವಾಗ 'ಟಪ್' ಎಂದಿತು. ಗರಿಗರಿ ಹಾಳೆಯಲ್ಲಿ ಸಾಲಾಗಿ ತೂತು ಬಿದ್ದರೆ ಆಗುವುದು ಅಂಚೆಚೀಟಿಗೆ ಆಗುವುದೇ. ಮುಟ್ಟಾಳೆ ಸರಿಯಾಗಿ ಎರಡು ಹೋಳಾಗಿ, ಗಂಡು ಒಂದು ಕಡೆಗೂ ಹೆಣ್ಣು ಇನ್ನೊಂದು ಕಡೆಗೂ ಬಿದ್ದರು.

"ಮದುವೆಗೆ ಮುಂಚೆಯೇ ಸೋಡಚೀಟಿ ಮಾಡಿದ್ರಲ್ಲ," ಎಂದರು ದೇವಮ್ಮ.

"ಇದು ಕೃಷ್ಣಮೋಹನಣ್ಣನ ತಲೆಯದ್ದು. ಅವರು ಹೆಣ್ಣಿನ ಕಡೆಯವರು, ಬರಿತಲೆಯಲ್ಲಿ ನಿಂತ್ರೆ ಚಂದ," ಎಂದು ಪದ್ಮಯ್ಯನವರು ತಕ್ಷಣ ತೀರ್ಪು ಕೊಟ್ಟು ಹೋಳುಗಳನ್ನು ಮೆಶಿನ್ನಿನ ಅಡಿಗೆ ತಳ್ಳಿದರು.

ಆಗ ಅವರಿಗೆ ಜ್ಞಾನೋದಯವಾಯಿತು. ಹಾಳೆ ಒಡೆಯಬಾರದೆಂದಿದ್ದರೆ ನೀರಿಗೆ ಹಾಕಬೇಕು. ಇದು ಈ ಊರಿನಲ್ಲಿ ತೊಟ್ಟಿಲ ಮಗುವಿಗೂ ಗೊತ್ತು. ಮನೆಯಿಂದ ಬಟ್ಟೆ ಒಗೆಯುವ ದೊಡ್ಡ ಟಬ್ಬು ಬಂತು. ಮುಟ್ಟಾಳೆಗಳೆಲ್ಲ ರಾತ್ರಿಯಿಡೀ ಎಮ್ಮೆಗಳ ಹಾಗೆ ನೀರಿನಲ್ಲಿ ಬಿದ್ದುಕೊಂಡವು. ಬೆಳಿಗ್ಗೆ ಮೆಶಿನ್ನಿಗೆ ಕೊಟ್ಟರೆ ಸೂಜಿ ಬೆಣ್ಣೆಯಲ್ಲಿ ಓಡಿದ ಹಾಗೆ ಓಡಿತು. ಎಂಥ ಅಕ್ಷರ, ಎಂಥ ಹೃದಯ! ಮದುಮಗನ ಮುಟ್ಟಾಳೆಯ ಜರಿಯಂತೂ ಕಣ್ಣಿಗೆ ಹೊಡೆಯುತ್ತಿತ್ತು. ಮಧ್ಯಾಹ್ನಕ್ಕೆಲ್ಲ ಹೊಲಿಗೆ ಮುಗಿಯಿತು.

"ಒದ್ದೆ ಹಾಳೆಯನ್ನು ಹಾಗೇ ಇಟ್ರೆ ಒಣಗುವಾಗ ಮುದುಡ್ತದೆ," ಎಂದು ದೇವಮ್ಮ ನೆನಪಿಸಿದರು. "ತಲೆಯ ಹಾಗಿರುವ ಎಂತದಾದ್ರೂ ಒಳಗೆ ಇಡ್ಬೇಕು."

"ಗೊತ್ತುಂಟು ನನಗೆ. ಅಟ್ಟದಲ್ಲಿ ಸುಲಿದ ತೆಂಗಿನಕಾಯಿ ರಾಶಿ ಉಂಟಲ್ಲ."

"ತೆಂಗಿನಕಾಯಿ ಸಣ್ಣ ಆಗ್ಲಿಕ್ಕಿಲ್ವಾ?"

"ದೇವರೇ ಅದಕ್ಕೆ ಮೂರು ಕಣ್ಣು, ಜುಟ್ಟು ಎಲ್ಲ ಇಟ್ಟಿದ್ದಾನೆ. ತಲೆ ಅಂತ ಅವನೇ ಒಪ್ಪಿದ ಮೇಲೆ ನಿನ್ನದೆಂತ?"

ಅಂಗಡಿಯ ಹಿಂದಿನ ಅಂಗಳದಲ್ಲಿ ತೆಂಗಿನಕಾಯಿಗಳು ಸಾಲಾಗಿ ಕೂತವು, ಪ್ರತಿಯೊಂದರ ತಲೆಗೂ ಒಂದು ಮುಟ್ಟಾಳೆ. ಮೇಲಿನಿಂದ ಬೇಸಗೆಯ ಬಿಸಿಲು. ಮದುಮಗನದ್ದನ್ನು ಮಾತ್ರ ಪದ್ಮಯ್ಯನವರು ತೆಂಗಿನಕಾಯಿಗೆ ಒಪ್ಪಿಸಲಿಲ್ಲ. ಅದನ್ನು ತಮ್ಮ ತಲೆಗೇ ಇಟ್ಟು ಕನ್ನಡಿ ನೋಡಿದರು.

"ಒಳಗಿನ ಅಂಟು ಪೇಪರಿಗೆ ಬಟ್ಟೆ ಹಚ್ಚಿ ಆಗ್ಲಿಲ್ಲ ಇನ್ನು," ಎಂದರು ದೇವಮ್ಮ.

"ನಾನು ಬಂದ ಮೇಲೆ ಹಚ್ಚುವಿಯಂತೆ," ಎಂದು ಪದ್ಮಯ್ಯನವರು ಪೇಟೆಗೆ ಇಳಿದರು. ಟೊಪ್ಪಿ ಒಣಗಿದ ಹಾಗೂ ಆಯಿತು, ಜಾಹೀರಾತು ಕೊಟ್ಟ ಹಾಗೂ ಆಯಿತು.

ಕಡಬ ಪೇಟೆ ಅಷ್ಟು ದೊಡ್ಡದಲ್ಲ. ಆದರೆ ಅಂದು ಅವರು ಅದನ್ನು ದೆಹಲಿಯಷ್ಟು ದೊಡ್ಡದು ಮಾಡಿಕೊಂಡು ನಡೆದರು. ರಬ್ಬರ್ ಅಂಗಡಿಯ ಬೆಳ್ಯಪ್ಪ ಹಣೆಯ ಮೇಲಿನ ಹೆಸರು ಓದಿ, "ಯಾವಾಗ ಮದುವೆ ಗೌಡ್ರೇ? ದೇವಮ್ಮಕ್ಕನಿಗೆ ಹೇಳಿದ್ದೀರಾ?" ಎಂದು ಕೇಳಿದರು. ಬಳೆ ಅಂಗಡಿಯ ರಮ್ಲತ್, "ಚಂದ ಉಂಟು, ಆದ್ರೆ ಹುಡುಗಿಗೆ ವಯಸ್ಸು ಸ್ವಲ್ಪ ಕಡಿಮೆ ಆಯ್ತು," ಎಂದಳು. ಎಲ್ಲರಿಗೂ ನಿಂತು, ಪುತ್ತೂರಿನ ಕೋಣೆಯ ವಿಷಯ ಹೇಳಿ, ಚಾ ಕುಡಿದು ಬರುವಾಗ ಸಂಜೆಯಾಯಿತು. ನೆತ್ತಿ ಯಾಕೋ ಬಿಗಿಯುತ್ತಿತ್ತು. ಕೀರ್ತಿಯ ಭಾರ ಇರಬೇಕು ಎಂದುಕೊಂಡರು.

ಅಂಗಡಿಯ ಎದುರು ಜೀಪು ನಿಂತಿತ್ತು. ಹಿಂದಿನ ಅಂಗಳದಲ್ಲಿ ಕೃಷ್ಣಮೋಹನರು, ಅವರ ಹೆಂಡತಿ ಈಶ್ವರಿ, ಪಕ್ಕದಲ್ಲಿ ದೇವಮ್ಮ ನಿಂತಿದ್ದರು. ಕೃಷ್ಣಮೋಹನರು ಒಂದು ಮುಟ್ಟಾಳೆಯನ್ನು ಎಳೆಯುತ್ತಿದ್ದರು. ಅದರ ಜೊತೆ ತೆಂಗಿನಕಾಯಿಯೂ ಬರುತ್ತಿತ್ತು. ಒದ್ದೆ ಹಾಳೆ ಬಿಸಿಲಿಗೆ ಬಿಗಿದು, ಒಳಗಿನ ಪೇಪರಿನ ಅಂಟು ಕಾದು ಸೂಜಿಯ ತೂತಿನಿಂದ ಒಸರಿ ಕಾಯಿಯ ನಾರಿಗೆ ಹಿಡಿದು, ಎರಡೂ ಒಂದೇ ದೇಹವಾಗಿದ್ದವು.

"ದಿಬ್ಬಣ ಬರುದು ಕಬಕದಿಂದಲಾ, ತೆಂಗಿನಮರದಿಂದಲಾ ಗೌಡ್ರೇ?" ಎಂದರು ಕೃಷ್ಣಮೋಹನರು.

ಪದ್ಮಯ್ಯನವರ ಕಣ್ಣು ಅಭ್ಯಾಸಬಲದಿಂದ ಹಿಂಬಾಗಿಲಿನಾಚೆ ಅಂಗಡಿಯ ಗೋಡೆಯ ಕಡೆ ಹೋಯಿತು. ಬೋರ್ಡು ಬೆನ್ನು ತೋರಿಸಿಕೊಂಡು ನಿಂತಿತ್ತು.

ಇಂಥ ಹೊತ್ತಿನಲ್ಲಿ ಪದ್ಮಯ್ಯನವರನ್ನು ಉಳಿಸಿದವರು ಈಶ್ವರಿ. ಅವರು ಒಂದು ಟೊಪ್ಪಿಯ ಕಾಯಿಯನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿ ನಗಲು ಸುರುಮಾಡಿದವರು ನಿಲ್ಲಿಸಲೇ ಇಲ್ಲ. "ಊಟ ಆದ ಮೇಲೆ ತಾಂಬೂಲದ ಒಟ್ಟಿಗೆ ಹೇಗೂ ಕಾಯಿ ಕೊಡ್ಬೇಕು ಮಾರಾಯ್ರೆ. ಇದನ್ನೇ ಕೊಡುವ. ಟೊಪ್ಪಿ ಇಟ್ಟ ಕಾಯಿ ಜಿಲ್ಲೆಯಲ್ಲಿ ಯಾರೂ ಕೊಟ್ಟಿರ್ಲಿಕ್ಕಿಲ್ಲ. ಕಾಯಿ ಗೌಡ್ರ ಲೆಕ್ಕದ್ದೇ ಆಗ್ಲಿ."

"ಕಾಯಿ ನನ್ನದಾ?" ಪದ್ಮಯ್ಯನವರ ಬಾಯಿಂದ ಬಂತು.

"ಟೊಪ್ಪಿ ನಮ್ಮದೇ ಅಲ್ವಾ, ನಿಮಗೆ ಅದರಲ್ಲಿ ಎಂತ ಖರ್ಚು ಉಂಟು?" ಎಂದರು ಈಶ್ವರಿ.

ಕೃಷ್ಣಮೋಹನರು ಮಾತ್ರ ನಗಲಿಲ್ಲ. "ಅದು ಆಯ್ತು. ಆದ್ರೆ ಅಳಿಯ ತೆಂಗಿನಕಾಯಿ ಅಲ್ಲ. ಅವನದ್ದು ಸರಿಯಾಗಿ ಉಂಟಲ್ವಾ? ಅದೊಂದು ಚಂದ ಇದ್ರೆ ಭಾವನಿಗೆ ನಾನು ಹೇಳ್ತೇನೆ. ಕೊಡಿ ಅದನ್ನು."

ಪದ್ಮಯ್ಯನವರ ಮುಖ ಅರಳಿತು. ದೊಡ್ಡ ತಲೆ, ದೊಡ್ಡ ಟೊಪ್ಪಿ, ಒಂದು ಗೀರಿಲ್ಲ. ಪುತ್ತೂರು ಇನ್ನೂ ಜಾರಿಲ್ಲ. ರಾಜನು ಕಿರೀಟ ಇಳಿಸುವ ಗಾಂಭೀರ್ಯದಲ್ಲಿ ಎರಡೂ ಕೈ ಎತ್ತಿ ಮುಟ್ಟಾಳೆ ಹಿಡಿದು ಮೇಲಕ್ಕೆತ್ತಿದರು. ಟೊಪ್ಪಿ ಬರಲಿಲ್ಲ. ಹುಬ್ಬು ಮೇಲೆ ಹೋಯಿತು.

ಇನ್ನೊಮ್ಮೆ ಎಳೆದರು. ಕಣ್ಣಿನಲ್ಲಿ ನೀರು ಬಂತು. ನಾರಿಗೆ ಹಿಡಿದ ಅಂಟು ಕೂದಲಿಗೆ ಹಿಡಿಯದೆ ಇರಲು ಅದಕ್ಕೇನು ಪದ್ಮಯ್ಯನವರ ಮೇಲೆ ಮರ್ಯಾದೆಯೇ? ಕೃಷ್ಣಮೋಹನರು ಒಂದು ಕೈ ಕೊಟ್ಟರು, ಜೀಪಿನ ಡ್ರೈವರ್ ಶ್ಯಾಮ ಎರಡು ಕೈ ಕೊಟ್ಟ. ಹಿಂದಿನಿಂದ ಸೊಂಟ ಹಿಡಿದವರು ಯಾರೆಂದು ಪದ್ಮಯ್ಯನವರಿಗೆ ಕಾಣಲಿಲ್ಲ. ಆ ಎಳೆತಕ್ಕೆ ಹಲಸಿನ ಮರವಾದರೂ ಬೇರು ಬಿಡುತ್ತಿತ್ತು, ಮುಟ್ಟಾಳೆ ಬಿಡಲಿಲ್ಲ.

ಗಲಾಟೆ ಕೇಳಿ ಅಂಗಡಿಯ ಬಾಗಿಲಲ್ಲಿ ಜನ ಸೇರಿತು. ಅವರ ನಡುವಿನಿಂದ ಸೇವಂತಿ ಟೀಚರು ಬಹಳ ಮರ್ಯಾದೆಯಿಂದ ಕೇಳಿದರು: "ಪದ್ಮಯ್ಯಣ್ಣ, ಇದರಿಂದ ತಲೆ ಎಲ್ಲಿಂದ ತೆಗೆಯುದು?"

"ಟೊಪ್ಪಿ ಕತ್ತರಿಸುವ," ಎಂದರು ಪದ್ಮಯ್ಯನವರು ನೋವಿನಲ್ಲಿ.

"ಟೊಪ್ಪಿಗೆ ಕತ್ತರಿ ತಾಗಿದ್ರೆ ಪುತ್ತೂರಿನ ಕೋಣೆಯ ಮಾತು ಬೇಡ," ಎಂದರು ಕೃಷ್ಣಮೋಹನರು.

"ಹಾಗಾದ್ರೆ ಕೂದಲೇ ಹೋಗ್ಬೇಕು," ಎಂದರು ಈಶ್ವರಿ. "ಒಳಗೆ ಸ್ವಲ್ಪ ಉಳಿದ್ರೂ ತೊಂದರೆ ಇಲ್ಲ. ಅಳಿಯನಿಗೆ ಮೆತ್ತಗೆ ಆಗ್ತದೆ."

ದೇವಮ್ಮ ಸಣ್ಣ ಕತ್ತರಿ ಹಿಡಿದು ಮುಂದೆ ಬಂದರು. ಗಂಡನನ್ನು ಅಂಗಡಿಯ ಒಳಗೆ ಕರೆದು ಕುರ್ಚಿಯಲ್ಲಿ ಕೂರಿಸಿ, ಹೊಲಿಗೆಯ ದಾರ ತೆಗೆಯುವ ಅದೇ ತಾಳ್ಮೆಯಲ್ಲಿ ಕಿವಿಯ ಮೇಲಿನಿಂದ ಕತ್ತರಿ ಒಳಗೆ ತೂರಿಸಿದರು. ಮೊದಲ ಹಿಡಿ ಕೂದಲು ಮಡಿಲಿಗೆ ಬಿತ್ತು.

"ಮೆಲ್ಲ ದೇವಮ್ಮ, ಮೆಲ್ಲ," ಎಂದರು ಪದ್ಮಯ್ಯನವರು. "ನನ್ನ ತಲೆಯ ಗತಿ ಎಂತ ಆಗ್ತದೆ? ಒಂದು ಸಲ ಬೇರೆ ಎಲ್ಲಿಯಾದ್ರೂ ನೋಡಿ ಮತ್ತೆ ಕತ್ತರಿಸಬಾರ್ದಾ?"

ದೇವಮ್ಮ ಕತ್ತರಿ ನಿಲ್ಲಿಸಿದರು. ಸ್ಟೂಲು ಎಳೆದು ಹತ್ತಿ, ಬೋರ್ಡನ್ನು ಸರಿಯಾಗಿ ತಿರುಗಿಸಿ, ಸೆರಗಿನಿಂದ ಅದರ ಗಾಜು ಒರೆಸಿ ಕೆಳಗಿಳಿದು ಬಂದರು.

"ಟೊಪ್ಪಿ ಅವರದ್ದು, ಅದಕ್ಕೆ ಜವಾಬ್ದಾರಿ ನೀವು ಹೊತ್ತಾಗಿದೆ. ತಲೆ ನೀವು ತಂದ ಮಾಲು. ಹೆಚ್ಚಿಗೆ ಒಂದು ತಂದಿದ್ರೆ ಮೊದಲು ಅದರಲ್ಲಿ ನೋಡ್ತಿದ್ದೆ."