ನಮ್ಮ ಸಣ್ಣ ಮಾವನ ಕೊಡದ ಅಳತಿ

ಸರಕಾರ ಅಂದ್ರ ಹೆಂಗಿರತೈತಿ ಅಂತ ನಾ ಮೊದಲ ಸಲ ನೋಡಿದ್ದು ನಮ್ಮ ಸಣ್ಣ ಮಾವನ ಬಗಲಾಗ. ಒಂದು ಕೆಂಪು ವಸ್ತ್ರದ ಗಂಟು. ಅದರಾಗ ಪಂಚಾಯ್ತಿ ಶಿಕ್ಕಾ, ಮಸಿ ಕುಡಿಕಿ, ನಾಲ್ಕು ಕಾಗದ, ಜೋಡಿಗೆ ಅವರ ಎಲಿ-ಅಡಿಕಿ ಸಂಚಿ. ದೊರಿಗಳು ದಿಲ್ಲಿಯಾಗ ಕುಂತು ಏನು ಆಳತಿದ್ರೋ ನಂಗೊತ್ತಿಲ್ಲ. ನಮ್ಮೂರಿನ ಸರಕಾರಕ್ಕಂತೂ ತಂಬಾಕದ ವಾಸನಿ ಹೊಡೀತಿತ್ತು!

ಸಣ್ಣ ಮಾವ ಅಂದ್ರ ನನ್ನ ಗಂಡನ ಕಾಕಾ. ಹಳಿಯಾಳದಿಂದ ದಾಂಡೇಲಿ ಕಡೆ ಗಾಡಿ ಹಾದಿ ಹಿಡದು ಬಂದ್ರ ಅಡವಿ ಅಂಚಿಗೆ ನಮ್ಮೂರು. ದೊಡ್ಡ ಲಡಾಯಿ ನಡದಿದ್ದ ವರ್ಷಗಳು ಅವು. ಚಿಮಣಿ ಎಣ್ಣಿ ಇಲ್ಲ, ಉಡಾಕ ಅರಿವಿ ಇಲ್ಲ, ಬೆಳದ ಭತ್ತದಾಗ ಪಾಲು ಕೇಳಾಕ ಮಂದಿ ಬರತಿದ್ರು. ಅಂಥಾದ್ರಾಗ ನಮ್ಮೂರಿಗೆ ಪಂಚಾಯ್ತಿ ಬಂತು. ಗೌಡ್ರು ಸರಪಂಚ ಆಗಬಾರದು ಅಂತ ಕಟ್ಟಿಗಿ ಗಾಡಿಯವರು, ಗಾಡಿಯವರು ಆಗಬಾರದು ಅಂತ ಗೌಡ್ರು. ಜಗಳಾಡಿ ಜಗಳಾಡಿ ಸಾಕಾಗಿ, ಇವನಿಂದ ಯಾರಿಗೂ ತ್ರಾಸಿಲ್ಲ ಅಂತ ಸಣ್ಣ ಮಾವನ್ನ ಕುಂದ್ರಿಸಿದ್ರು. ಊರಿಗೆ ಊರೇ ಹಿಂಗ ಮೋಸ ಹೋಗಿದ್ದನ್ನ ನಾ ಮತ್ತೆಲ್ಲೂ ನೋಡಿಲ್ಲ.

ಯಾಕಂದ್ರ ಸಣ್ಣ ಮಾವಗ ಒಂದು ಖೋಡಿ ಚಟ ಇತ್ತು. ಯಾವ ತಕರಾರು ಬಂದ್ರೂ ಮೊದಲ ತಾವೇ ಅದನ್ನ ಮೈಯಾರೆ ಅನುಭವಿಸಬೇಕು, ಆಮ್ಯಾಲೆ ಶಿಕ್ಕಾ ಒತ್ತಬೇಕು. ಹಿಡದ ದನ ಕೂಡಿಹಾಕೋ ಕೊಂಡವಾಡದಾಗ ನೆರಳಿಲ್ಲ ಅಂತ ಯಾರೋ ಅಂದ್ರು. ಇವರು ಸೀದಾ ಹೋಗಿ ದನಗಳ ನಡುವ ಹೊತ್ತು ಮುಣುಗೂತನಕ ಕುಂತ್ರು. ತನ್ನ ಎಮ್ಮಿ ಬಿಡಿಸಿಕೊಳ್ಳಾಕ ಬಂದಾಂವ ಒಬ್ಬ ನಮ್ಮ ಮನಿಗೆ ಬಂದು ಸಣ್ಣತ್ತಿಗೆ ಹೇಳಿದ, ನಿಮ್ಮವರನ್ನೂ ಬಿಡಿಸಿಕೊಂಡು ಬರಲೇನ್ರಿ ಅಂತ.

ಸಣ್ಣತ್ತಿ ಅಕ್ಕಿ ಆರಿಸೋದು ಬಿಡಲಿಲ್ಲ. "ಇರ್ಲಿ ಬಿಡಪಾ. ಅಲ್ಲಿ ಅವರ ಮಾತು ಕೇಳಾಕ ಮಂದಿನರ ಅದಾರ."

ಮರದಿನ ಕೊಂಡವಾಡಕ್ಕ ಚಪ್ಪರ ಬಂತು. ಅದು ಖರೇ. ಸಣ್ಣ ಮಾವನ ಬೆನ್ನಿನ ಸಿಪ್ಪಿ ಹಾರಿದ್ದೂ ಖರೇ.

ಹಿಂಗಿರಬೇಕಾದ್ರ ಮ್ಯಾಲಿನ ಕಚೇರಿಯಿಂದ ಒಂದು ಕಾಗದ ಬಂತು. ಈ ವರ್ಷ ನಿಮ್ಮೂರಿಗೆ ಒಂದು ಕೆಲಸ ಮಂಜೂರು, ಯಾವುದು ಅನ್ನೋದನ್ನ ನೀವ ಠರಾಯಿಸ್ರಿ ಅಂತ ಅದರಾಗ ಬರದಿತ್ತು. ಅಲ್ಲೀತನಕ ಯಾರೂ ನಮ್ಮನ್ನ ಏನೂ ಕೇಳಿರಲಿಲ್ಲ. ಕೇಳಿದ ಕೂಡಲೇ ಊರಾಗ ಎಷ್ಟು ಬಾಯಿ ಅದಾವ ಅಂತ ಗೊತ್ತಾತು! ಗೌಡ್ರಿಗೆ ಹಂಚಿನ ಚಾವಡಿ ಬೇಕು, ಬಂದ ಸಾಹೇಬರು ಕುಂದ್ರಾಕ. ಗಾಡಿಯವರಿಗೆ ಹಾದಿ ಬೇಕು, ದಾಂಡೇಲಿಗೆ ಕಟ್ಟಿಗಿ ಹೊಡದು ನಾಲ್ಕು ಕಾಸು ನೋಡಾಕ. ಹೆಂಗಸರಿಗೆ ಬಾವಿ ಬೇಕು. ಆದ್ರ ಹೆಂಗಸರನ್ನ ಯಾರ ಕೇಳತಾರ?

ನನಗಂತೂ ಬಾವಿ ಬೇಕೇ ಬೇಕಾಗಿತ್ತು. ಚೊಚ್ಚಲ ಬಸರಿ ನಾನು, ಐದು ತಿಂಗಳು ತುಂಬಿತ್ತು. ನೀರಿಗೆ ತೆಳಗ ಹಳ್ಳಕ್ಕ ಇಳೀಬೇಕು, ತುಂಬಿದ ಕೊಡ ಹೊತ್ತು ದಿಬ್ಬ ಏರಬೇಕು, ದಿನಕ್ಕ ಐದಾರು ಸಲ.

ಸಣ್ಣ ಮಾವ ಕೂಡಿದ ಮಂದಿಗೆ ಒಂದೇ ಮಾತು ಹೇಳಿದ್ರು. ಚಾವಡಿ ಬೇಕಂದಾಂವ, ಹಾದಿ ಬೇಕಂದಾಂವ ಹಳ್ಳದಿಂದ ಒಂದೊಂದು ಕೊಡ ನೀರು ತಲಿಮ್ಯಾಲೆ ತರಬೇಕು, ತಂದಾಂವನ ಕೆಲಸ ಮೊದಲ. ತಾವೇ ಮೊದಲ ಹೊಂಟ್ರು. ರುಮಾಲು ಬಿಚ್ಚಿ ಸಿಂಬಿ ಸುತ್ತಿದ್ರು, ಕೊಡ ಇಟ್ಟುಕೊಂಡ್ರು. ಮೂರು ಮಣ್ಣಿನ ಕೊಡ ಒಡದ್ರು, ಮೂರೂ ನಮ್ಮ ಮನೀವು. ನಾಲ್ಕನೇದು ಮನಿ ಮುಟ್ಟಿತು. ಗೌಡ್ರು ದಿಬ್ಬದ ಬುಡಕ್ಕ ಬಂದು, ಸೊಂಟ ಹಿಡಕೊಂಡು, ಚಾವಡಿ ಮುಂದಿನ ವರ್ಷ ನೋಡೂಣು ಅಂದ್ರು. ಗಾಡಿಯವರಂತೂ ಎತ್ತಿಗೆ ಹುಲ್ಲು ಹಾಕೋದೈತಿ ಅಂತ ಹೇಳಿ ಕಾಣಲೇ ಇಲ್ಲ. ಬಾವಿ ಗೆದ್ದಿತು.

ಆದ್ರ ಬಾವಿ ಎಲ್ಲಿ? ನಮ್ಮ ಓಣ್ಯಾಗೋ, ಅಡವಿ ಕಡೆ ಸಿದ್ದಿ ಮಂದಿಯ ಮೂರು ಮನಿ ಇದ್ದಲ್ಲೋ? ಯಾರಿಗೆ ನೀರು ದೂರ ಐತೋ ಅವರಿಗೆ ಅಂತ ಮಾತಾತು. ಸಣ್ಣ ಮಾವ ಹಗ್ಗ ಹಿಡದು ಅಳೀಲಿಲ್ಲ. ಕೊಡ ಹೊತ್ತಾಕಿ ಹಾದಿಯಾಗ ಎಷ್ಟು ಸಲ ಇಳಿಸಿ ದಮ್ಮು ತಗೋತಾಳೋ ಅಷ್ಟು ದೂರ ಅಂತ ಬರಕೊಂಡ್ರು. ಮ್ಯಾಲಿನ ಕಚೇರಿಯವರು ಫರ್ಲಾಂಗಿನಾಗ ಬರೀರಿ ಅಂತ ಕಾಗದ ತಿರುಗಿ ಕಳಿಸಿದ್ರು. ಫರ್ಲಾಂಗು ಹೊತ್ತಾವರು ನಮ್ಮೂರಾಗ ಯಾರೂ ಇಲ್ಲ ಅಂತ ಬರಸಿ, ಶಿಕ್ಕಾ ಒತ್ತಿ, ಇವರೂ ತಿರುಗಿ ಕಳಿಸಿದ್ರು.

ಎರಡು ದಿನ ಹಳ್ಳದ ಹಾದಿಯಾಗ ಕುಂತು ಎಣಿಸಿದ್ರು. ನಮ್ಮ ಓಣಿ ಹೆಂಗಸರು ನಾಲ್ಕು ಕಡೆ ಇಳಿಸತಿದ್ವಿ. ಸಿದ್ದಿಯರ ಮರಿಯಾ ಒಂದು ಕಡೀನೂ ಇಳಿಸಲಿಲ್ಲ. ಹಿತ್ತಾಳಿ ಕೊಡ ಹೊತ್ತು, ಕುತ್ತಿಗಿ ನೆಟ್ಟಗ ಇಟಗೊಂಡು, ಸರಸರ ಹೋಗಿಬಿಡತಿದ್ಲು. ಆ ಮೂರು ಮನಿ ಉಳದ ಹೆಂಗಸರು ನಸುಕಿಗೆ ಅಡವಿ ಕೂಲಿಗೆ ಹೋಗತಿದ್ರು, ಮುದುಕರಿಗೂ ಕೂಸುಗಳಿಗೂ ನೀರು ತರಾಕಿ ಆಕಿ ಒಬ್ಬಾಕಿನ. ನಮ್ಮ ಓಣಿಗೆ ನಾಲ್ಕು, ಅವರಿಗೆ ಸೊನ್ನಿ. ಬಾವಿ ನಮ್ಮದಾತು ಅಂತ ನಾ ಅಡಗಿ ಮನ್ಯಾಗ ಒಬ್ಬಾಕಿನ ನಕ್ಕೆ.

ಶಿಕ್ಕಾ ಒತ್ತೋ ದಿನ ಸಣ್ಣ ಮಾವ ಹಳ್ಳಕ್ಕ ಹೋಗಿ ಮರಿಯಾನ್ನ ತಡದು ನಿಲ್ಲಿಸಿದ್ರು. ನಾವೆಲ್ಲ ಅಲ್ಲೇ ಕೊಡ ತಿಕ್ಕತಿದ್ವಿ. ನಿನಗ ದಣಿವು ಆಗೂದಿಲ್ಲೇನು, ಯಾಕ ಇಳಸಂಗಿಲ್ಲ ಅಂತ ಕೇಳಿದ್ರು.

ಆಕಿ ಕೊಡದ ಕೆಳಗಿಂದ ಅವರನ್ನ ನೋಡಿದ್ಲು. "ಇಳಸಬಹುದ್ರಿ ಧಣ್ಯಾರ. ತಿರುಗಿ ತಲಿಗೆ ಎತ್ತಿ ಕೊಡಾಕ ಯಾರ ಅದಾರ?"

ತುಂಬಿದ ಕೊಡ ಒಬ್ಬಾಕಿಗೆ ತಲಿಗೇರಸಾಕ ಆಗಂಗಿಲ್ಲ. ಹಳ್ಳದಾಗ ಬಂಡಿಗಲ್ಲಿನ ಮ್ಯಾಲೆ ಕೊಡ ಇಟ್ಟು, ಬಗ್ಗಿ ತಲಿ ಕೊಟ್ಟು ಎದ್ದು ಬಿಡಬಹುದು, ಹಾದಿಯಾಗ ಆಗಂಗಿಲ್ಲ. ನಾವು ನಾಲ್ಕೈದು ಮಂದಿ ಕೂಡಿ ಹೋಗಾವರು, ಒಬ್ಬರಿಗೊಬ್ಬರು ಎತ್ತತಿದ್ವಿ. ಮರಿಯಾನ ಕೊಡಕ್ಕ ನಮ್ಮವರು ಯಾರೂ ಕೈ ಹಚ್ಚತಿರಲಿಲ್ಲ. ನಾನೂ ಹಚ್ಚಿರಲಿಲ್ಲ, ಸುಳ್ಳ್ಯಾಕ ಹೇಳಲಿ.

ಸಣ್ಣ ಮಾವ ಅಲ್ಲೇ ನೆಲಕ್ಕ ಕುಂತು, ಸೊನ್ನಿ ಬರದದ್ದನ್ನ ಕಾಟು ಹೊಡದು, ಬಾವಿ ಆ ಮೂರು ಮನಿ ಕಡೆ ಅಂತ ಶಿಕ್ಕಾ ಒತ್ತಿಬಿಟ್ರು. ಗೌಡ್ರು ಬಂದು ಒದರಾಡಿದ್ರು. ಓಣ್ಯಾಗಿನ ಹಿರೇರು ಬಂದು ತಿಳಿಸಿ ಹೇಳಿದ್ರು. ನಿನ್ನ ಮನಿ ಸೊಸೀನ ಬಸರಿ ಅದಾಳ, ಆಕಿ ಮಾರಿನರ ನೋಡು ಅಂದ್ರು.

"ನೋಡೇನಿ. ಆಕಿಗೆ ಎತ್ತಿ ಕೊಡಾವರು ಅದಾರ," ಅಂದ್ರು ಸಣ್ಣ ಮಾವ.

ನನಗ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅವತ್ತ ಅವರ ತಾಟಿಗೆ ರೊಟ್ಟಿ ಒಗದೆ, ಹಾಕಲಿಲ್ಲ. ಅವರು ಹೆಚ್ಚಿಗಿ ಎರಡು ಬೇಡಿ ಉಂಡ್ರು.

ಆದ್ರ ಸರಪಂಚರ ಲೆಕ್ಕ ತಪ್ಪಿತು. ಓಣಿ ಹೆಂಗಸರಿಗೆ ಅವರ ಮ್ಯಾಲಿನ ಸಿಟ್ಟು ತೀರಿಸಾಕ ನಾ ಸಿಕ್ಕೆ. ನಿಮ್ಮ ಮನಿಯವರ ನಮ್ಮ ಬಾವಿ ಕಳದ್ರು ಅಂತ ಹೇಳಿ, ನನ್ನ ಬಿಟ್ಟು ಹಳ್ಳಕ್ಕ ಹೋಗಾಕ ಸುರು ಮಾಡಿದ್ರು. ಆ ಕಡೆ ಬಾವಿ ತೋಡತಿದ್ರು, ಈ ಕಡೆ ನಾ ಒಬ್ಬಾಕಿನ. ಏಳು ತಿಂಗಳ ಹೊಟ್ಟಿ. ಕೊಡ ಇಳಿಸಿದ್ರ ಎತ್ತಾವರಿಲ್ಲ, ಅದಕ್ಕ ಇಳಿಸತಿರಲಿಲ್ಲ. ಮನ್ಯಾಗ ಯಾರಿಗೂ ಹೇಳಲೂ ಇಲ್ಲ. ಹೇಳಿದ್ರ ಅವರು ಮಾಡಿದ್ದು ಖರೇ ಅಂತ ಒಪ್ಪಿದಂಗ ಆಗತಿತ್ತಲ್ಲ!

ಎಂಟನೇ ದಿನವೋ ಒಂಬತ್ತನೇ ದಿನವೋ, ಕೊಡ ಹೊತ್ತು ಏರಿ ಬರತೇನಿ, ಮೊದಲ ಇಳಿಸೋ ಜಾಗಾದಾಗ ಸಣ್ಣ ಮಾವ ನಿಂತಿದ್ರು. ನಮ್ಮ ಮನ್ಯಾಗ ಮಾವನ ಎದುರು ಸೊಸಿ ಮಾರಿ ತೋರಸಂಗಿಲ್ಲ, ಮಾತಾಡಂಗಿಲ್ಲ. ನಾ ಸೆರಗು ಜಗ್ಗಿಕೊಂಡು ನಿಂತೆ. ಅವರು ಅಡವಿ ಕಡೆ ಮಾರಿ ತಿರುಗಿಸಿ ಎರಡೂ ಕೈ ಚಾಚಿದ್ರು. ಕೊಡ ಇಳಿಸಿಕೊಂಡ್ರು. ನಾ ಕುಂತು ದಮ್ಮು ತಗೊಂಡೆ. ಎದ್ದ ಮ್ಯಾಲೆ ಹಂಗೇ ಅಡವಿ ನೋಡಕೋತ ತಿರುಗಿ ನನ್ನ ತಲಿಗೆ ಎತ್ತಿದ್ರು. ಆಮ್ಯಾಲೆ ದಾಪುಗಾಲು ಹಾಕಿ ಮುಂದ ಹೋಗಿ, ಎರಡನೇ ಜಾಗಾದಾಗ ಮತ್ತ ಅಡವಿ ನೋಡಕೋತ ನಿಂತ್ರು.

ನನಗ ಹೆರಿಗಿ ಆಗೂತನಕ ದಿನಾ ನಾಲ್ಕೂ ಕಡೆ ಹಿಂಗ. ಊರ ಗಂಡಸರು ನಗತಿದ್ರು, ಸರಪಂಚರು ಸೊಸಿ ಕೊಡ ಹೊರಸಾಕ ಹೊಂಟ್ರು ಅಂತ. ಅವರು ಕಿವಿಗೆ ಹಾಕ್ಕೊಳ್ಳಲಿಲ್ಲ. ಒಂದೇ ಒಂದು ತ್ರಾಸು. ನೋಡದ ಎತ್ತತಿದ್ರಲ್ಲ, ಕೊಡ ಯಾವಾಗಲೂ ವಾರಿ ಆಗತಿತ್ತು, ಕಾಲು ಭಾಗ ನೀರು ನನ್ನ ಬೆನ್ನಿನ ಮ್ಯಾಲೆ. ನೆಟ್ಟಗ ಎತ್ರಿ ಅಂತ ಗಂಡನ ಕೈಲೆ ಹೇಳಿ ಕಳಸಬಹುದಾಗಿತ್ತು. ಕಳಸಲಿಲ್ಲ. ದಿನಾ ತೊಯ್ಸಿಕೊಂಡೇ ಮನಿಗೆ ಬಂದೆ.